ಮತ್ಸ್ಯವಿದ್ಯೆಯ ವ್ಯಾಸಂಗ

ನಾವು ಕರಾವಳಿಯ ಒಂದು ಶಾಲೆಯಲ್ಲಿ ಉಪಾಧ್ಯಾಯರಾಗಿದ್ದ ಕಾಲದಲ್ಲಿ, ಪಾಠ ಒಪ್ಪಿಸದ ಹುಡುಗರನ್ನು "ಹೋಗು, ಮೀನು ಹಿಡಿ" ಎಂದು ಗದರಿಸುತ್ತಿದ್ದೆವು. ಒಮ್ಮೆ ಈ ಮಾತನ್ನು ಬಲೆಗಾರರ ಮಗನೊಬ್ಬನಿಗೂ ಆಡಿದ್ದುಂಟು. ಅವನು ತಲೆತಗ್ಗಿಸಿ ನಿಂತುದು ಈಗಲೂ ಕಣ್ಣಿಗೆ ಕಟ್ಟಿದಂತಿದೆ. ತಂದೆಯ ಕಸುಬೇ ಶಿಕ್ಷೆಯ ಹೆಸರಾದುದನ್ನು ಕೇಳಿ ಆ ಬಾಲಕನು ಎಷ್ಟು ನೊಂದಿರಬೇಕೆಂಬುದನ್ನು ನಾವು ಅಂದು ಯೋಚಿಸಲಿಲ್ಲ. ಅದನ್ನು ಯೋಚಿಸುವಂತೆ ಮಾಡಿದವಳು ನಮ್ಮ ತಮ್ಮನ ಮಗಳು.

ಮೂರು ವರ್ಷಗಳ ಹಿಂದೆ ಅವಳು ಪದವಿಪೂರ್ವ ಪರೀಕ್ಷೆಯಲ್ಲಿ ತೇರ್ಗಡೆಯಾಗಿ, ಮೀನುಗಾರಿಕೆಯ ಕಾಲೇಜನ್ನು ಸೇರುವೆನೆಂದು ಹಟ ಹಿಡಿದಳು. ನಮ್ಮದು ಶಾಕಾಹಾರಿಗಳ ಮನೆ. ನಮ್ಮ ತಾಯಿಯವರು ಒಂದು ಹೊತ್ತು ಊಟವನ್ನೇ ಬಿಟ್ಟರು. ಬುದ್ಧಿ ಹೇಳಲೆಂದು ನಮ್ಮನ್ನು ಕರೆಯಿಸಿದರು.

"ಮೀನಿನ ಹೊಟ್ಟೆ ಸೀಳುವ ವಿದ್ಯೆ ನಿನಗೇಕಮ್ಮ?" ಎಂದೆವು.

"ದೊಡ್ಡಪ್ಪ, ಮನುಷ್ಯರ ಹೆಣ ಕೊಯ್ಯುವ ವೈದ್ಯವಿದ್ಯೆಗೆ ಸೀಟು ಸಿಕ್ಕಿದ್ದರೆ ನೀವೆಲ್ಲ ಪಾಯಸ ಮಾಡಿಸುತ್ತಿದ್ದಿರಲ್ಲವೆ?" ಎಂದಳು.

ನಾವು ನಿರುತ್ತರರಾದೆವು. ತಿಳಿಯದ ವಿಷಯದಲ್ಲಿ ತೀರ್ಪು ಕೊಡುವುದು ಉಪಾಧ್ಯಾಯನಿಗೆ ಸಲ್ಲದೆಂದು ವಿಚಾರಣೆಗೆ ಹೊರಟೆವು. ಹಾಗೆ ತಿಳಿದುಬಂದ ಸಂಗತಿಗಳು ವಾಚಕರಿಗೂ ಉಪಯುಕ್ತವಾದೀತೆಂದು ಇಲ್ಲಿ ಅರಿಕೆಮಾಡುತ್ತೇವೆ.

ಭಾರತದ ಮೊಟ್ಟಮೊದಲ ಮೀನುಗಾರಿಕಾ ಮಹಾವಿದ್ಯಾಲಯವು 1969ರಲ್ಲಿ ನಮ್ಮ ಮಂಗಳೂರಿನಲ್ಲಿಯೇ ಸ್ಥಾಪಿತವಾಯಿತು. ಆಗ ಅದು ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯಕ್ಕೆ ಸೇರಿತ್ತು. ಈಗ ಬೀದರಿನ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿದೆ. ವಿಜ್ಞಾನ ವಿಷಯಗಳಲ್ಲಿ ಪದವಿಪೂರ್ವ ಶಿಕ್ಷಣ ಮುಗಿಸಿದವರು ಪ್ರವೇಶ ಪರೀಕ್ಷೆಯ ಮೂಲಕ ಸೇರಬಹುದು. ವ್ಯಾಸಂಗವು ನಾಲ್ಕು ವರ್ಷ. ಮೀನಿನ ಶರೀರರಚನೆ, ಸಂತಾನೋತ್ಪತ್ತಿ, ರೋಗಶಾಸ್ತ್ರ, ನೀರು ಮತ್ತು ಮಣ್ಣಿನ ರಸಾಯನ, ಬಲೆ ದೋಣಿಗಳ ವಿಚಾರ, ಹಿಡಿದ ಮೀನನ್ನು ಕೆಡದಂತೆ ಕಾಪಾಡುವ ಕ್ರಮ, ಮಾರುಕಟ್ಟೆಯ ಅರ್ಥಶಾಸ್ತ್ರ ಇವೆಲ್ಲವೂ ಪಠ್ಯದಲ್ಲಿ ಅಡಕವಾಗಿವೆ. ಕೊನೆಯ ವರ್ಷದಲ್ಲಿ ವಿದ್ಯಾರ್ಥಿಗಳು ಹಳ್ಳಿಗಳಲ್ಲಿಯೂ ಕಾರ್ಖಾನೆಗಳಲ್ಲಿಯೂ ನಿಂತು ಕೆಲಸ ಕಲಿಯಬೇಕು.

ಈ ವಿದ್ಯೆಯು ನಮ್ಮ ಸಂಪ್ರದಾಯಕ್ಕೆ ಹೊರತಾದುದೆಂದು ಭಾವಿಸುವವರು 'ಮಾನಸೋಲ್ಲಾಸ'ವನ್ನು ತೆರೆದು ನೋಡಲಿ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ಈ ಸಂಸ್ಕೃತ ಗ್ರಂಥದಲ್ಲಿ 'ಮತ್ಸ್ಯವಿನೋದ'ವೆಂಬ ಪ್ರಕರಣವೇ ಇದೆ. ಮೀನಿನ ಜಾತಿಗಳು, ಅವುಗಳಿಗೆ ಹಾಕುವ ಆಹಾರ, ಗಾಳದ ಕ್ರಮ ಇವುಗಳನ್ನು ಅಲ್ಲಿ ವಿವರಿಸಲಾಗಿದೆ. ಸಂಸ್ಕೃತವನ್ನು ಬೋಧಿಸಿದ ನಾವು ಆ ಪ್ರಕರಣದತ್ತ ಕಣ್ಣು ಹಾಯಿಸದಿದ್ದುದು ನಮ್ಮ ಅಲಕ್ಷ್ಯವೇ ಸರಿ.

ಆಧುನಿಕ ಕಾಲದ ಒಂದು ಸಾಧನೆಯನ್ನು ಹೇಳಲೇಬೇಕು. ಕಾಟ್ಲಾ, ರೋಹು, ಮೃಗಾಲ ಎಂಬ ಗೆಂಡೆ ಮೀನುಗಳು ಮಳೆಗಾಲದ ಹರಿಯುವ ನದಿಗಳಲ್ಲಿ ಮೊಟ್ಟೆಯಿಡುತ್ತವೆ. ನಿಂತ ಕೊಳದ ನೀರಿನಲ್ಲಿ ಸಾಮಾನ್ಯವಾಗಿ ಇಡುವುದಿಲ್ಲ. ಆದುದರಿಂದ ಸಾಕುವವರು ಮರಿಗಳಿಗಾಗಿ ನದಿಗಳನ್ನೇ ನೆಚ್ಚಬೇಕಾಗಿತ್ತು. 1957ರ ಜುಲೈ 10ರಂದು ಒಡಿಶಾದಲ್ಲಿ ಹೀರಾಲಾಲ್ ಚೌಧುರಿ ಮತ್ತು ಅವರ ಸಂಗಡಿಗರು ಮೀನಿನ ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯ ರಸವನ್ನು ಚುಚ್ಚಿ, ಗೆಂಡೆಗಳು ಕೊಳದಲ್ಲಿಯೇ ಮೊಟ್ಟೆಯಿಡುವಂತೆ ಮಾಡಿದರು. ಇಂದು ನಮ್ಮ ದೇಶವು ಮತ್ಸ್ಯಸಾಕಣೆಯಲ್ಲಿ ಚೀನಾದ ನಂತರದ ಸ್ಥಾನದಲ್ಲಿರುವುದಕ್ಕೆ ಈ ಪ್ರಯೋಗವು ಒಂದು ಮುಖ್ಯ ಕಾರಣ.

ಬಲವುಳ್ಳುದು ಬಲಹೀನವನ್ನು ನುಂಗುವ ಸ್ಥಿತಿಗೆ ನಮ್ಮ ಶಾಸ್ತ್ರಕಾರರು 'ಮಾತ್ಸ್ಯನ್ಯಾಯ'ವೆಂದು ಹೆಸರಿಟ್ಟರು. ಆದರೆ ಇದೇ ಮೂರು ಮೀನುಗಳನ್ನು ಒಂದೇ ಕೊಳದಲ್ಲಿ ಬಿಟ್ಟರೆ, ಕಾಟ್ಲಾ ಮೇಲುನೀರಿನಲ್ಲಿ, ರೋಹು ನಡುನೀರಿನಲ್ಲಿ, ಮೃಗಾಲ ತಳದಲ್ಲಿ ಮೇಯುತ್ತವೆ. ಒಂದರ ಅನ್ನಕ್ಕೆ ಮತ್ತೊಂದು ಅಷ್ಟಾಗಿ ಕೈಹಾಕುವುದಿಲ್ಲ. ಅವಿಭಕ್ತ ಕುಟುಂಬಗಳು ಇಷ್ಟನ್ನು ಕಲಿತರೆ ಸಾಕು!

ಕಳೆದ ವರ್ಷ ನಮ್ಮೂರಿನ ದೇವಸ್ಥಾನದ ಕೆರೆಯಲ್ಲಿ ಒಂದು ಮುಂಜಾನೆ ಮೀನುಗಳು ಸತ್ತು ತೇಲಿದುವು. ಯಾರೋ ವಿಷ ಹಾಕಿದರೆಂದು ಊರಿನವರು ಒಬ್ಬ ಬಡವನನ್ನು ಶಂಕಿಸಿದರು. ರಜೆಗೆ ಬಂದಿದ್ದ ಹುಡುಗಿ ಮರುದಿನ ಬೆಳಕು ಹರಿಯುವ ಮುನ್ನವೇ ಹೋಗಿ ನೀರನ್ನು ಪರೀಕ್ಷಿಸಿದಳು; ಪ್ರಾಣವಾಯು ತೀರ ಕಡಿಮೆಯಾಗಿತ್ತು. ಪಾಚಿಯು ಹಗಲಿನಲ್ಲಿ ಬಿಸಿಲಿನ ಬಲದಿಂದ ನೀರಿಗೆ ಪ್ರಾಣವಾಯುವನ್ನು ಕೊಡುತ್ತದೆ. ರಾತ್ರಿ ತಾನೇ ಅದನ್ನು ಹೀರುತ್ತದೆ. ಕೊಳೆತ ಹೂವು, ಎಂಜಲೆಲೆಗಳೂ ಅದನ್ನೇ ಕಬಳಿಸುತ್ತವೆ. ಎರಡು ದಿನ ಮೋಡ ಕವಿದಿದ್ದುದರಿಂದ ಬೆಳಗಿನ ಜಾವಕ್ಕೆ ಮೀನುಗಳಿಗೆ ಉಸಿರು ಸಾಲದೆ ಹೋಯಿತೆಂದು ಅವಳು ವಿವರಿಸಿದಳು. ಕೆರೆಗೆ ಕಸ ಹಾಕುವುದು ನಿಂತಿತು. ಬಡವನ ಮೇಲಣ ಅಪವಾದವೂ ತೊಲಗಿತು. ನಮ್ಮ ತಾಯಿಯವರು ಅಂದು ಮೊಮ್ಮಗಳಿಗೆ ತಾವೇ ಬಡಿಸಿದರು.

ಈ ವ್ಯಾಸಂಗವು ಸುಲಭವೆಂದು ನಾವು ಹೇಳುವುದಿಲ್ಲ. ಕೆಸರಿಗಿಳಿಯಬೇಕು, ಅಲೆಗಳ ಮೇಲೆ ತಲೆಸುತ್ತನ್ನು ಸಹಿಸಬೇಕು, ಮೀನನ್ನು ಕೊಯ್ದು ನೋಡಲೇಬೇಕು. ಅದಕ್ಕೆ ಮನಸ್ಸೊಪ್ಪದವರು ದೂರವಿರುವುದು ಲೇಸು. ಸರ್ಕಾರದ ಇಲಾಖೆ, ಬ್ಯಾಂಕು, ಮರಿ ಉತ್ಪಾದನಾ ಕೇಂದ್ರ, ರಫ್ತಿನ ಕಾರ್ಖಾನೆ, ಸಂಶೋಧನಾಲಯಗಳಲ್ಲಿ ಉದ್ಯೋಗಾವಕಾಶವುಂಟು. ಪದವಿಯೊಡನೆ ಕೆಲಸವೂ ಕೈಸೇರುವುದೆಂಬ ಭರವಸೆ ಮಾತ್ರ ಯಾವ ವಿದ್ಯೆಗೂ ಇಲ್ಲ.

ಮಕ್ಕಳು ಅಪರಿಚಿತ ವಿದ್ಯೆಯ ಹೆಸರೆತ್ತಿದಾಗ ಗೃಹಸ್ಥರು ಮೊದಲು ವಿಚಾರಿಸಲಿ, ಆಮೇಲೆ ನಿರಾಕರಿಸಲಿ. ಅಂದು ತಲೆತಗ್ಗಿಸಿದ ಆ ಹುಡುಗನು ಎಲ್ಲಿರುವನೋ ನಾವರಿಯೆವು. ಅವನ ತಂದೆಯ ಕಸುಬಿನಲ್ಲಿ ಒಂದು ವಿಶ್ವವಿದ್ಯಾಲಯಕ್ಕಾಗುವಷ್ಟು ಜ್ಞಾನವಿತ್ತೆಂಬುದನ್ನು ಅರುವತ್ತರ ವಯಸ್ಸಿನಲ್ಲಿ ನಾವು ಕಲಿತೆವು. ಈ ಬರಹವು ಅವನ ಕೈಸೇರಿದರೆ ನಮ್ಮನ್ನು ಕ್ಷಮಿಸಲಿ.