ಡಿಜಿಟಲ್ ಮಾದರಿ ರೈಲು ಎಂಜಿನ್‌ಗಳ ದಿಕ್ಕನುಸಾರಿ ದೀಪಗಳು

ದಿಕ್ಕನುಸಾರಿ ದೀಪಗಳು ಎಂದರೆ ಮಾದರಿ ರೈಲು ಎಂಜಿನ್ ಚಲಿಸುವ ದಿಕ್ಕಿಗೆ ತಕ್ಕಂತೆ ತಾವಾಗಿಯೇ ಬದಲಾಗುವ ಮುಂದೀಪ ಮತ್ತು ಹಿಂದೀಪಗಳು. ಡಿಜಿಟಲ್ ಕಮಾಂಡ್ ಕಂಟ್ರೋಲ್, ಸಂಕ್ಷೇಪವಾಗಿ ಡಿಸಿಸಿ, ಪದ್ಧತಿಯ ಎಂಜಿನ್‌ಗಳಲ್ಲಿ ಈ ಕೆಲಸವನ್ನು ಒಳಗಿನ ಡಿಕೋಡರ್ ನಿರ್ವಹಿಸುತ್ತದೆ. ಜರ್ಮನಿಯ ಲೆನ್ಸ್ ಸಂಸ್ಥೆಯ ತಂತ್ರವನ್ನು ಆಧರಿಸಿದ ಈ ಪದ್ಧತಿಯನ್ನು ಅಮೆರಿಕದ ನ್ಯಾಷನಲ್ ಮಾಡೆಲ್ ರೈಲ್‌ರೋಡ್ ಅಸೋಸಿಯೇಷನ್ 1990ರ ದಶಕದಲ್ಲಿ ಮಾನಕವಾಗಿ ಅಂಗೀಕರಿಸಿತು.

ಡಿಕೋಡರ್ ಏಕೆ ಬೇಕು

ಹಳೆಯ ನೇರ ವಿದ್ಯುತ್ ಪದ್ಧತಿಯಲ್ಲಿ ಹಳಿಗಳ ಧನ-ಋಣ ಧ್ರುವಗಳನ್ನು ಅದಲು ಬದಲು ಮಾಡಿದರೆ ಎಂಜಿನ್ ಹಿಂದಕ್ಕೆ ಚಲಿಸುತ್ತಿತ್ತು. ಆದ್ದರಿಂದ ಒಂದು ಡಯೋಡ್ ಇದ್ದರೆ ದೀಪಕ್ಕೆ ದಿಕ್ಕು ತಿಳಿಯುತ್ತಿತ್ತು. ಡಿಸಿಸಿಯಲ್ಲಿ ಹಳಿಯ ಮೇಲಿನ ವಿದ್ಯುತ್ತು ಸೆಕೆಂಡಿಗೆ ಸಾವಿರಾರು ಬಾರಿ ಧ್ರುವ ಬದಲಿಸುತ್ತದೆ. ಎರಡು ತುದಿಯ ಎಲ್‌ಇಡಿಗಳನ್ನು ನೇರವಾಗಿ ಹಳಿಗೆ ಜೋಡಿಸಿದರೆ ಎರಡೂ ಸದಾ ಬೆಳಗುತ್ತಿರುತ್ತವೆ. ಇಲ್ಲಿ 'ಮುಂದೆ' ಎಂಬುದು ಹಳಿಗೆ ಸಂಬಂಧಿಸಿದ್ದಲ್ಲ, ಎಂಜಿನ್‌ಗೆ ಸಂಬಂಧಿಸಿದ್ದು. ಎಂಜಿನನ್ನು ಎತ್ತಿ ತಿರುಗಿಸಿ ಇಟ್ಟರೂ ಅದು ತನ್ನ ಮುಂಭಾಗದ ಕಡೆಗೇ ಚಲಿಸುತ್ತದೆ.

ತಂತಿಗಳು ಮತ್ತು ರೋಧಕ

ಮಾನಕದ ಪ್ರಕಾರ ಕೆಂಪು ಮತ್ತು ಕಪ್ಪು ತಂತಿಗಳು ಬಲ ಮತ್ತು ಎಡ ಹಳಿಗಳಿಗೆ, ಕಿತ್ತಳೆ ಮತ್ತು ಬೂದು ತಂತಿಗಳು ಮೋಟಾರಿಗೆ ಹೋಗುತ್ತವೆ. ಬಿಳಿ ತಂತಿ ಮುಂದೀಪದ್ದು, ಹಳದಿ ಹಿಂದಿನ ದೀಪದ್ದು. ನೀಲಿ ತಂತಿ ಎಲ್ಲ ದೀಪಗಳಿಗೂ ಸಾಮಾನ್ಯವಾದ ಧನ ಮೂಲ. ಬಿಳಿ, ಹಳದಿ ತಂತಿಗಳು ವಿದ್ಯುತ್ತನ್ನು ನೀಡುವುದಿಲ್ಲ, ಋಣದ ಕಡೆಯನ್ನು ಮುಚ್ಚಿ ತೆರೆಯುತ್ತವೆ. ಹಾಗಾಗಿ ಎಲ್‌ಇಡಿಯ ಧನಾಗ್ರ, ಅಂದರೆ ಸಾಮಾನ್ಯವಾಗಿ ಉದ್ದನೆಯ ಕಾಲು, ನೀಲಿಗೆ ಸೇರಬೇಕು.

ಪ್ರತಿ ಎಲ್‌ಇಡಿಗೂ ಸರಣಿಯಲ್ಲಿ ರೋಧಕ ಕಡ್ಡಾಯ. ನೀಲಿ ಮತ್ತು ಬಿಳಿ ತಂತಿಗಳ ನಡುವೆ 13 ವೋಲ್ಟ್ ಇದ್ದು, ಬಿಳಿ ಎಲ್‌ಇಡಿ ಸುಮಾರು 3 ವೋಲ್ಟ್ ಬಳಸಿದರೆ ಉಳಿದ 10 ವೋಲ್ಟ್ ರೋಧಕದ ಪಾಲು. 10 ಮಿಲಿಆಂಪಿಯರ್‌ಗೆ 1000 ಓಮ್ ಬೇಕಾಗುತ್ತದೆ. ಅದರಲ್ಲಿ ವ್ಯಯವಾಗುವ ಶಕ್ತಿ 0.1 ವ್ಯಾಟ್ ಆದ್ದರಿಂದ ಕಾಲು ವ್ಯಾಟ್‌ನ ರೋಧಕ ಸಾಕು. ಇಂದಿನ ಎಲ್‌ಇಡಿಗಳು ಇಷ್ಟು ವಿದ್ಯುತ್ತಿಗೆ ಕಣ್ಣು ಕುಕ್ಕುವಂತೆ ಬೆಳಗುತ್ತವೆ. 2,200ರಿಂದ 10,000 ಓಮ್‌ವರೆಗೆ ಪ್ರಯೋಗಿಸಿ ನೋಡುವುದು ಒಳ್ಳೆಯದು. ಪುಟ್ಟ ಎಂಜಿನ್‌ಗೆ ಮಂದ ಬೆಳಕೇ ಸಹಜವಾಗಿ ಕಾಣುತ್ತದೆ.

ಯುರೋಪಿನ ಅನೇಕ ಮಾದರಿಗಳಲ್ಲಿ ಮುಂದೆ ಬಿಳಿ, ಹಿಂದೆ ಕೆಂಪು ದೀಪಗಳು ಒಟ್ಟಿಗೇ ಬೆಳಗುತ್ತವೆ. ಆಗ ಬಿಳಿ ತಂತಿಗೆ ಮುಂಭಾಗದ ಬಿಳಿ ಮತ್ತು ಹಿಂಭಾಗದ ಕೆಂಪು ಎಲ್‌ಇಡಿಗಳನ್ನು, ಹಳದಿಗೆ ಇದರ ವಿರುದ್ಧ ಜೋಡಿಯನ್ನು ಸೇರಿಸಲಾಗುತ್ತದೆ. ಎರಡು ಬಣ್ಣಗಳಿಗೂ ಒಂದೇ ರೋಧಕ ಹಾಕಿ ಸಮಾಂತರವಾಗಿ ಜೋಡಿಸಬಾರದು. ಕೆಂಪು ಎಲ್‌ಇಡಿಗೆ ಸುಮಾರು 2 ವೋಲ್ಟ್ ಸಾಕಾಗುವುದರಿಂದ ವಿದ್ಯುತ್ತೆಲ್ಲ ಅದರಲ್ಲೇ ಹರಿದು ಬಿಳಿಯದು ಬೆಳಗುವುದೇ ಇಲ್ಲ.

ಎಚ್ಚರಿಕೆಗಳು

ಡಿಕೋಡರ್ ಸುಟ್ಟುಹೋಗಲು ಪ್ರಮುಖ ಕಾರಣಗಳಲ್ಲೊಂದು ತಂತಿಯೊಂದು ಲೋಹದ ಚೌಕಟ್ಟಿಗೆ ತಾಗುವುದು. ಹಲವು ಹಳೆಯ ಎಂಜಿನ್‌ಗಳಲ್ಲಿ ಚೌಕಟ್ಟು ಒಂದು ಹಳಿಗೆ ಸಂಪರ್ಕ ಹೊಂದಿದ್ದು, ಬಲ್ಬಿನ ಒಂದು ತುದಿಯೂ ಅದಕ್ಕೇ ಸೇರಿರುತ್ತದೆ. ಅಂತಹ ಬಲ್ಬನ್ನು ಮೊದಲು ತೆಗೆದು, ಬೆಸುಗೆ ಹಾಕಿದ ಜಾಗಗಳನ್ನೆಲ್ಲ ನಿರೋಧಕ ಕೊಳವೆಯಿಂದ ಮುಚ್ಚಬೇಕು. 6 ಪಿನ್ನಿನ ಪ್ಲಗ್‌ನಲ್ಲಿ ನೀಲಿ ತಂತಿಗೆ ಸ್ಥಳವೇ ಇರುವುದಿಲ್ಲ. ಅಲ್ಲಿ ಧನ ಮೂಲವನ್ನು ಒಂದು ಹಳಿಯಿಂದ ಪಡೆಯುವುದರಿಂದ ಬೆಳಕು ಸ್ವಲ್ಪ ಮಂದವಾಗಿರುತ್ತದೆ.

ದೋಷಗಳನ್ನು ಗುರುತಿಸುವುದು

8 ಪಿನ್ನಿನ ಪ್ಲಗ್ಗನ್ನು ತಿರುವುಮುರುವಾಗಿ ಸೇರಿಸಿದರೆ ಎಂಜಿನ್ ಓಡುತ್ತದೆ, ದೀಪಗಳು ಮಾತ್ರ ಬೆಳಗುವುದಿಲ್ಲ. 'ಮುಂದೆ' ಎಂದು ಆದೇಶಿಸಿದಾಗ ಮುಂದೀಪ ಬೆಳಗಿಯೂ ಎಂಜಿನ್ ಹಿಂದಕ್ಕೆ ಹೋದರೆ ಕಿತ್ತಳೆ ಮತ್ತು ಬೂದು ತಂತಿಗಳನ್ನು ಅದಲು ಬದಲು ಮಾಡಬೇಕು. ಡಿಕೋಡರ್‌ನ ಸಿವಿ 29ರಲ್ಲಿ ದಿಕ್ಕು ಬದಲಿಸುವ ವ್ಯವಸ್ಥೆಯಿದ್ದರೂ ಅದರಿಂದ ಈ ದೋಷ ಹೋಗದು, ಏಕೆಂದರೆ ಅದು ಮೋಟಾರು ಮತ್ತು ದೀಪ ಎರಡನ್ನೂ ಒಟ್ಟಿಗೆ ತಿರುಗಿಸುತ್ತದೆ. ವೇಗ ಏರಿಸುತ್ತಾ ಹೋದಂತೆ ದೀಪ ಆರಿ ಹೊತ್ತುತ್ತಿದ್ದರೆ ತಂತಿಗಳನ್ನು ಬಿಚ್ಚುವ ಅಗತ್ಯವಿಲ್ಲ. ನಿಯಂತ್ರಕವು 28 ವೇಗ ಹಂತಗಳಲ್ಲಿಯೂ ಡಿಕೋಡರ್ 14 ಹಂತಗಳಲ್ಲಿಯೂ ಇರುವುದೇ ಇದಕ್ಕೆ ಕಾರಣ. 14 ಹಂತಗಳ ಕ್ರಮದಲ್ಲಿ ದೀಪಕ್ಕೆ ಮೀಸಲಾದ ಬಿಟ್, 28 ಹಂತಗಳ ಕ್ರಮದಲ್ಲಿ ವೇಗದ ಭಾಗವಾಗಿರುತ್ತದೆ. ಸಿವಿ 29ರಲ್ಲಿ ಹಂತಗಳನ್ನು ಹೊಂದಿಸಿದರೆ ದೀಪ ಸ್ಥಿರವಾಗುತ್ತದೆ.