ಬರ್ಬೆರಿನ್ ಮತ್ತು ಪಿಸಿಒಎಸ್: ಗುಳಿಗೆ ಮುಚ್ಚಿಡುವ ಅಪಾಯ

ಸಂತಾನೋತ್ಪತ್ತಿ ವಯಸ್ಸಿನ ಮಹಿಳೆಯರಲ್ಲಿ ಶೇ. 10ರಿಂದ 13ರಷ್ಟು ಮಂದಿಗೆ ಪಿಸಿಒಎಸ್ (ಪಾಲಿಸಿಸ್ಟಿಕ್ ಓವರಿ ಸಿಂಡ್ರೋಮ್) ಇದೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಅವರಲ್ಲಿ ಹಲವರಿಗೆ ಇನ್ಸುಲಿನ್ ಪ್ರತಿರೋಧವಿರುತ್ತದೆ. ಸ್ನಾಯುಗಳ ಜೀವಕೋಶಗಳು ಇನ್ಸುಲಿನ್ ಸಂಕೇತಕ್ಕೆ ಸರಿಯಾಗಿ ಸ್ಪಂದಿಸದಿದ್ದಾಗ ಮೇದೋಜೀರಕ ಗ್ರಂಥಿ ಅದನ್ನು ಇನ್ನಷ್ಟು ಸ್ರವಿಸುತ್ತದೆ. ಅಂಡಾಶಯವಾದರೋ ಆ ಹೆಚ್ಚುವರಿ ಇನ್ಸುಲಿನ್‌ಗೆ ಸ್ಪಂದಿಸಿ ಆಂಡ್ರೊಜನ್ ಎಂಬ ಪುರುಷ ಹಾರ್ಮೋನನ್ನು ಹೆಚ್ಚು ತಯಾರಿಸುತ್ತದೆ. ಅಂಡಾಣು ಬಲಿತು ಹೊರಬರುವುದಿಲ್ಲ, ಮುಟ್ಟು ತಪ್ಪುತ್ತದೆ.

ಚೀನಾದ ಪಾರಂಪರಿಕ ವೈದ್ಯದಲ್ಲಿ ಭೇದಿಗೆ ಕೊಡುತ್ತಿದ್ದ ಹುವಾಂಗ್‌ಲಿಯನ್ ಬೇರಿನ ಹಳದಿ ಅಂಶವೇ ಬರ್ಬೆರಿನ್. ನಮ್ಮ ಪಶ್ಚಿಮ ಘಟ್ಟದ ಮರದರಿಶಿನದಲ್ಲೂ ಅದಿದೆ. ಇದು ಜೀವಕೋಶದ ಶಕ್ತಿಕೇಂದ್ರವಾದ ಮೈಟೊಕಾಂಡ್ರಿಯದ ಕೆಲಸವನ್ನು ತುಸು ತಡೆಯುತ್ತದೆ. ಶಕ್ತಿ ಕುಂದಿದಾಗ ಚುರುಕಾಗುವ ಎಎಂಪಿಕೆ ಎಂಬ ಕಿಣ್ವ ಆಗ ಕೆಲಸಕ್ಕಿಳಿದು, ಕೋಶವು ಸಕ್ಕರೆಯನ್ನು ಒಳಗೆಳೆದುಕೊಳ್ಳುವಂತೆ ಮಾಡುತ್ತದೆ. ಮಧುಮೇಹದ ಔಷಧ ಮೆಟ್‌ಫಾರ್ಮಿನ್ ಹಿಡಿಯುವ ದಾರಿಯೂ ಹೆಚ್ಚುಕಡಿಮೆ ಇದೇ.

ಆದರೆ ಪ್ರಯೋಗಾಲಯದಲ್ಲಿ ಬರ್ಬೆರಿನ್ ನೇರವಾಗಿ ಕೋಶದ ಮೇಲೆ ಬೀಳುತ್ತದೆ. ನುಂಗಿದಾಗ ರಕ್ತ ಸೇರುವುದು ಶೇ. 1ಕ್ಕಿಂತ ಕಡಿಮೆ. ಹಾಗಾಗಿ ಫಲವನ್ನು ರೋಗಿಗಳಲ್ಲೇ ಅಳೆಯಬೇಕು. 644 ಮಹಿಳೆಯರ ಮೇಲೆ ಚೀನಾದಲ್ಲಿ ನಡೆದು 2016ರಲ್ಲಿ ಪ್ರಕಟವಾದ ಪ್ರಯೋಗ ಅದನ್ನೇ ಮಾಡಿತು. ಅಂಡೋತ್ಪತ್ತಿಯ ಔಷಧ ಲೆಟ್ರೊಜೋಲ್ ಪಡೆದವರಲ್ಲಿ ಶೇ. 36 ಮಂದಿಗೆ ಜೀವಂತ ಶಿಶು ಜನಿಸಿತು. ಬರ್ಬೆರಿನ್ ಮಾತ್ರ ಪಡೆದವರಲ್ಲಿ ಶೇ. 22, ಎರಡನ್ನೂ ಪಡೆದವರಲ್ಲಿ ಶೇ. 34. ಎಂದರೆ ಬರ್ಬೆರಿನ್ ಸೇರಿಸಿದ್ದರಿಂದ ಹೆಚ್ಚುವರಿ ಲಾಭವಾಗಲಿಲ್ಲ.

ಇನ್ನು ಅಪಾಯಗಳು. ಮೊದಲನೆಯದು ಬೇರೆ ಔಷಧಗಳ ಜೊತೆಗಿನದು. ಬರ್ಬೆರಿನ್ ರಕ್ತಕ್ಕೆ ಸೇರುವುದು ಅಲ್ಪವಾದರೂ ಕರುಳು ಮತ್ತು ಯಕೃತ್ತು ಅದರ ಬಹುಪಾಲನ್ನು ಎದುರಿಸುತ್ತವೆ. ಅನೇಕ ಔಷಧಗಳನ್ನು ವಿಭಜಿಸುವ ಕಿಣ್ವಗಳಿರುವುದೂ ಅಲ್ಲೇ. ಬರ್ಬೆರಿನ್ ಅವನ್ನು ತಡೆದರೆ, ಜೊತೆಗೆ ನುಂಗಿದ ಬೇರೆ ಮಾತ್ರೆಯ ಪ್ರಮಾಣ ರಕ್ತದಲ್ಲಿ ಏರಬಹುದು.

ಎರಡನೆಯ ಅಪಾಯ ಗರ್ಭಧಾರಣೆಯದು. ಬರ್ಬೆರಿನ್ ರಕ್ತದ ಆಲ್ಬುಮಿನ್ ಪ್ರೋಟೀನಿಗೆ ಅಂಟಿದ ಬಿಲಿರುಬಿನ್ ಎಂಬ ಹಳದಿ ವರ್ಣಕವನ್ನು ಬಿಡಿಸಬಲ್ಲದು. ಬಿಡಿಯಾದ ಬಿಲಿರುಬಿನ್ ನವಜಾತ ಶಿಶುವಿನ ಮೆದುಳು ಸೇರಿದರೆ ಹಾನಿ ಶಾಶ್ವತವಾಗಬಹುದು. ಆದ್ದರಿಂದಲೇ ಗರ್ಭಿಣಿಯರಿಗೂ ಹಾಲೂಡಿಸುವ ತಾಯಂದಿರಿಗೂ ಇದು ಬೇಡವೆನ್ನುತ್ತಾರೆ. ಆದರೆ ಪಿಸಿಒಎಸ್ ಇದ್ದವರಿಗೆ ಮುಟ್ಟು ತಪ್ಪುವುದು ಮಾಮೂಲು. ಅಂಡೋತ್ಪತ್ತಿ ಮರಳಿ ಗರ್ಭ ನಿಂತರೂ ತಡವಾಗಿ ತಿಳಿಯುತ್ತದೆ; ಅಷ್ಟೂ ದಿನ ಗುಳಿಗೆ ನಡೆದೇ ಇರುತ್ತದೆ.

ಮೂರನೆಯದು, ಗುಳಿಗೆ ಫಲಿಸದಿದ್ದಾಗಿನದು. ಅಂಡೋತ್ಪತ್ತಿ ಇಲ್ಲದಿದ್ದರೆ ಪ್ರೊಜೆಸ್ಟರಾನ್ ಹಾರ್ಮೋನ್ ಇಲ್ಲ. ಈಸ್ಟ್ರೊಜನ್ ಒಂದೇ ಇದ್ದಾಗ ಗರ್ಭಕೋಶದ ಒಳಪದರ ದಪ್ಪವಾಗುತ್ತಲೇ ಹೋಗಿ, ಕ್ಯಾನ್ಸರಿನ ಸಾಧ್ಯತೆ ಹೆಚ್ಚುತ್ತದೆ. ಗುಳಿಗೆ ನಂಬಿ ವರ್ಷಗಳನ್ನು ತಳ್ಳುವವರಲ್ಲಿ ಈ ಬೆಳವಣಿಗೆಯನ್ನು ಅಳೆಯುವವರೇ ಇರುವುದಿಲ್ಲ.

2023ರಿಂದ ಸಾಮಾಜಿಕ ಜಾಲತಾಣಗಳು ಬರ್ಬೆರಿನ್ ಅನ್ನು ತೂಕ ಇಳಿಸುವ ಸಹಜ ಮದ್ದೆಂದು ಹೊಗಳುತ್ತಿವೆ. ವೈದ್ಯರ ಚೀಟಿಯಿಲ್ಲದೆಯೇ ಅದು ಸಿಗುತ್ತದೆ. ಬಳಸುವವರು ಹೆಚ್ಚಿದಷ್ಟೂ ವಿರಳ ಹಾನಿಯ ಲೆಕ್ಕ ಬೆಳೆಯುತ್ತದೆ, ಚೀಟಿಯಿಲ್ಲದ ಮಾರಾಟದಲ್ಲಿ ಅದು ದಾಖಲಾಗುವುದೂ ಕಷ್ಟ. ತೆಗೆದುಕೊಳ್ಳುತ್ತಿರುವವರು ವೈದ್ಯರಿಗೆ ಹೇಳಬೇಕು. ಮುಟ್ಟು ತಪ್ಪಿದಾಗಲೆಲ್ಲ ಗರ್ಭಪರೀಕ್ಷೆ ಮಾಡಿಕೊಳ್ಳಬೇಕು. ಮೂರು ತಿಂಗಳಾದರೂ ಮುಟ್ಟಾಗದಿದ್ದರೆ ಗುಳಿಗೆ ಫಲಿಸಲೆಂದು ಕಾಯದೆ ತಪಾಸಣೆಗೆ ಹೋಗಬೇಕು.