ಬ್ರೇಕ್ ಪೈಪಿಗೆ ಎಸಿ ತಾಮ್ರ ಯಾಕೆ ಸಲ್ಲದು?

ಹಳೆ ಮಾರುತಿಯ ಬ್ರೇಕ್ ಪೈಪು ತುಕ್ಕು ಹಿಡಿದು ಸೋರಿದರೆ ಗುಬ್ಬಿಯಲ್ಲಾಗಲಿ ಕುಣಿಗಲ್ಲಿನಲ್ಲಾಗಲಿ ಸಲಹೆಗೇನೂ ಬರವಿಲ್ಲ. ‘ಎಸಿಗೆ ಹಾಕೋ ತಾಮ್ರದ ಪೈಪು ತಂದು ಬಗ್ಗಿಸಿ ಹಾಕ್ಕೊಳ್ಳಿ ಸಾರ್, ತಾಮ್ರಕ್ಕೆ ತುಕ್ಕೇ ಹಿಡಿಯಲ್ಲ’ ಎನ್ನುವವರು ಸಿಕ್ಕೇ ಸಿಗುತ್ತಾರೆ.

ಮಾತು ಅರ್ಧ ನಿಜ. ತಾಮ್ರಕ್ಕೆ ಕೆಂಪು ತುಕ್ಕು ಬರುವುದಿಲ್ಲ. ಆದರೆ ಗಾಡಿಯ ಅದುರಾಟಕ್ಕೆ ಸಿಕ್ಕ ಶುದ್ಧ ತಾಮ್ರ ಬರಬರುತ್ತಾ ಗಡುಸಾಗಿ, ನಟ್ಟಿನ ಬುಡದಲ್ಲಿ ಕೂದಲೆಳೆಯಷ್ಟು ಬಿರುಕು ಬಿಡುತ್ತದೆ. ಟೈರಿನಲ್ಲಿರುವುದು 30 ಪಿಎಸ್‌ಐ ಆಸುಪಾಸಿನ ಒತ್ತಡ. ಗಾಬರಿಯಲ್ಲಿ ಬ್ರೇಕ್ ತುಳಿದಾಗ ಈ ಸಣ್ಣ ಪೈಪಿನೊಳಗೆ ಅದು 1,000 ಪಿಎಸ್‌ಐ ದಾಟುತ್ತದೆ. ಕಾರು ಕಂಪನಿಗಳು ಎರಡು ಪದರ ಸುತ್ತಿ ಬೆಸೆದ ಉಕ್ಕಿನ ಪೈಪು ಬಳಸುವುದು ಇದಕ್ಕೇ. ತುಕ್ಕಿನ ಕಾಟವೇ ಬೇಡ ಎನ್ನುವವರಿಗೆ, ತಾಮ್ರಕ್ಕೆ ಶೇ 10ರಷ್ಟು ನಿಕ್ಕಲ್ ಬೆರೆಸಿದ ಕ್ಯುಪ್ರೊನಿಕ್ಕಲ್ ಪೈಪಿದೆ. ವೋಲ್ವೊ 1970ರ ದಶಕದಲ್ಲೇ ಅದನ್ನು ಬಳಸತೊಡಗಿತು. ನೋಡಲು ಅದೂ ತಾಮ್ರದ ಹಾಗೇ ಇರುವುದರಿಂದ ಈ ಗೊಂದಲ ಹುಟ್ಟಿರಲೂಬಹುದು.

ಇನ್ನೂ ಅಪಾಯದ ನಂಬಿಕೆ ಪೈಪಿನ ಬಾಯಿಯದ್ದು: ಅದಕ್ಕೆ ಫ್ರಿಜ್ ರಿಪೇರಿಯವರ ಫ್ಲೇರಿಂಗ್ ಟೂಲೇ ಸಾಕು ಎಂಬುದು. ಆ ಟೂಲ್ ಪೈಪಿನ ಬಾಯನ್ನು ಒಂದೇ ಪದರವಾಗಿ ಅಗಲಿಸುತ್ತದೆ. ಉಕ್ಕಿನ ಪೈಪಿಗೆ ಹಾಗೆ ಮಾಡಿ ನಟ್ಟು ಬಿಗಿದರೆ ಅಂಚು ಸೀಳಬಹುದು. ಕಾರಿಗೆ ಬೇಕಾದದ್ದು ಅಂಚನ್ನು ಒಳಕ್ಕೆ ಮಡಿಸಿ ಜೋಡಿಪದರ ಮಾಡಿದ ಡಬಲ್ ಫ್ಲೇರ್. ಯುರೋಪಿನ ಅನೇಕ ಕಾರುಗಳಿಗೆ ಗುಂಡನೆಯ ಬಬಲ್ ಫ್ಲೇರ್. ಒಂದರ ಜಾಗಕ್ಕೆ ಇನ್ನೊಂದು ಆಗದು. ಕೈಗೆ ಬಿಗಿಯಾಗಿ ಕೂತಂತೆ ಅನಿಸುತ್ತದೆ, ಪೆಡಲ್ ಜೋರಾಗಿ ತುಳಿದಾಗ ಸೋರುತ್ತದೆ. ಸಾಮಾನ್ಯವಾಗಿ 4.75 ಮಿ.ಮೀ. ಹೊರವ್ಯಾಸದ ಈ ಪೈಪನ್ನು ಗರಗಸದಿಂದಲ್ಲ, ಉರುಳುಚಕ್ರದ ಕಟರ್‌ನಿಂದ ನೇರವಾಗಿ ಕತ್ತರಿಸಿ, ಒಳಗಿನ ಚೂರು ಕೆರೆದು, ಗಾಳಿ ಊದಿ ಶುಚಿ ಮಾಡಬೇಕು. ನಟ್ಟನ್ನು ಮೊದಲೇ ತೂರಿಸಿಟ್ಟುಕೊಳ್ಳಬೇಕು. ಮರೆತರೆ ಚಂದವಾಗಿ ಮೂಡಿದ ಫ್ಲೇರನ್ನು ಕತ್ತರಿಸಿ ಬಿಸಾಕುವುದೊಂದೇ ದಾರಿ!

ಸೋರುವ ಜಾಗವನ್ನಷ್ಟೇ ಕತ್ತರಿಸಿ ನೀರಿನ ಪೈಪಿನ ಹಿತ್ತಾಳೆ ಜಾಯಿಂಟ್ ಹಾಕುವುದು? ಬೇಡವೇ ಬೇಡ.

‘ತುಕ್ಕೆಲ್ಲ ಮಂಗಳೂರು ಕಡೆ ಗಾಡಿಗಳ ರೋಗ’ ಎಂಬ ಸಮಾಧಾನವೂ ಪೂರ್ತಿ ಸರಿಯಲ್ಲ. ಉಪ್ಪುಗಾಳಿ ಇಲ್ಲದಿದ್ದರೂ ಕ್ಲಿಪ್ಪುಗಳ ಸಂದಿಯಲ್ಲಿ ಮೆತ್ತಿಕೊಂಡ ಕೆಮ್ಮಣ್ಣು ಒದ್ದೆ ಹಿಡಿದಿಟ್ಟು ಪೈಪನ್ನು ತಿನ್ನುತ್ತದೆ.

ಪೈಪು ಹೊಸದಾದ ಮೇಲೆ ಹಳೆ ಬ್ರೇಕ್ ಆಯಿಲನ್ನೇ ಸೋಸಿ ತುಂಬುವವರೂ ಇದ್ದಾರೆ. ಅದು ಗಾಳಿಯ ತೇವ ಹೀರಿಕೊಂಡಿರುತ್ತದೆ. ಡಾಟ್ 3 ದರ್ಜೆಯ ಹೊಸ ಬ್ರೇಕ್ ಆಯಿಲ್ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ತೇವ ಸೇರಿದ್ದಕ್ಕೆ ಇದೇ ಮಿತಿ 140 ಮಾತ್ರ. ದೇವರಾಯನದುರ್ಗದಿಂದ ಬ್ರೇಕ್ ಒತ್ತಿಕೊಂಡೇ ಇಳಿದರೆ ಅದು ಕುದಿದು, ಆವಿಯ ಗುಳ್ಳೆ ಕಟ್ಟಿ, ಪೆಡಲ್ ತಳಕ್ಕಿಳಿಯಬಹುದು.

ಕೊನೆಗೆ ಪೈಪಿನೊಳಗೆ ಸೇರಿದ ಗಾಳಿ ತೆಗೆಯುವ ಕೆಲಸ. 2019ರ ಏಪ್ರಿಲ್‌ನಿಂದ ಹೊಸ ಕಾರುಗಳಿಗೆಲ್ಲ ಎಬಿಎಸ್ ಕಡ್ಡಾಯ. ಅದರ ಘಟಕಕ್ಕೆ ಗಾಳಿ ಹೊಕ್ಕರೆ ಕೆಲವು ಮಾದರಿಗಳಲ್ಲಿ ಸ್ಕ್ಯಾನರ್ ಇಲ್ಲದೆ ಹೊರಡದು. ಅಂಥವನ್ನು ತುಮಕೂರಿನ ಸರ್ವೀಸ್ ಸೆಂಟರ್‌ಗೆ ಬಿಡುವುದೇ ಲೇಸು. ಹಳೆ ಕಾರಾದರೆ ಗಾಳಿ ತೆಗೆದ ಮೇಲೆ ಸೋರಿಕೆ ಪರೀಕ್ಷಿಸಲು ಎಂಜಿನ್ ಚಾಲೂ ಇಟ್ಟು ಒಬ್ಬರು ಪೆಡಲ್ ಜೋರಾಗಿ ತುಳಿದು ಹಿಡಿಯಬೇಕು, ಇನ್ನೊಬ್ಬರು ಒಣ ಕಾಗದದಿಂದ ಪ್ರತಿ ನಟ್ಟನ್ನೂ ಒರೆಸಿ ನೋಡಬೇಕು. ಕಾಗದ ಒದ್ದೆಯಾಗಿ, ಸರಿಯಾದ ಬಿಗಿತದಲ್ಲೂ ಸೋರಿಕೆ ನಿಲ್ಲದಿದ್ದರೆ ನಟ್ಟಿನ ಮೇಲೆ ಬಲ ಪ್ರಯೋಗಿಸಿ ಫಲವಿಲ್ಲ. ಫ್ಲೇರನ್ನೇ ಹೊಸದಾಗಿ ಮಾಡಬೇಕು.